ನನ್ನ ಹೆಸರಿನಲ್ಲಿ ಉರುಕುಂದಪ್ಪ

ಉರುಕುಂದಪ್ಪನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಅವನನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ, ಅಲ್ಪಸ್ವಲ್ಪ ಬಲ್ಲವರೆಲ್ಲ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದಾರೆ. ಹಾಗಾಗಿ ನಾನೇ ಬರೆಯಬೇಕಾಯಿತು. ಓದಿ ನನಗೆ ಉಗಿಯುವವರು ಉಗಿಯಲಿ, ಅದಕ್ಕೂ ಒಂದು ದಾಖಲೆ ಇರಲಿ.

ನನ್ನ ಹೆಸರು ಹನುಮಂತರಾಯ. ಹುಟ್ಟಿದ್ದು ಕುರ್ಡಿ, ಮನೆ ಕಟ್ಟಿದ್ದು ಮಾನ್ವಿಯಲ್ಲಿ, ಕೆಲಸ ಮಾಡಿದ್ದು ದೇವದುರ್ಗದಲ್ಲಿ. ಮಾಡಿದ್ದು ಅಂದೆನಲ್ಲ, ಅದೂ ಸುಳ್ಳೇ. ಇಲಾಖೆಯ ಹೆಸರು ಬೇಡ, ಮಳೆ ಅಳೆಯುವ ಕಚೇರಿ ಅಂದುಕೊಳ್ಳಿ. ದಿನಾ ಮುಂಜಾನೆ ಎಂಟೂವರೆಗೆ ಅಂಗಳದ ಮಳೆ ಡಬ್ಬಿ ನೋಡಿ ಎಷ್ಟು ಮಿಲಿಮೀಟರ್ ಅಂತ ರಾಯಚೂರಿಗೆ ಕಳಿಸುವುದು ನಮ್ಮ ಕೆಲಸ. ದೇವದುರ್ಗದಲ್ಲಿ ಮಳೆ ಬೀಳುವ ದಿನಕ್ಕಿಂತ ಸೊನ್ನೆ ಬರೆಯುವ ದಿನಗಳೇ ಹೆಚ್ಚು. ಆದರೆ ಸರ್ಕಾರಕ್ಕೆ ಸೊನ್ನೆಯೂ ಬೇಕು, ಭಾನುವಾರದ ಸೊನ್ನೆಯೂ ಬೇಕು.

ಉರುಕುಂದಪ್ಪ ಜಾಲಹಳ್ಳಿ ಕಡೆಯವನು. ಕೂಲಿ ಮಾಡುವವರ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲ ಪ್ರಾಣಿ. ದೇವದುರ್ಗದ ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾಲ್ಕು ವರ್ಷ ಬೆರಳು ಸುಟ್ಟುಕೊಂಡು, ತೊಂಬತ್ತಾರರಲ್ಲಿ ನಮ್ಮಲ್ಲಿ ದಿನಗೂಲಿ ಜವಾನನಾಗಿ ಸೇರಿದ. ಮಳೆ ಡಬ್ಬಿ ನೋಡುವುದು, ಕಸ ಹೊಡೆಯುವುದು, ನನಗೆ ಚಹಾ ತರುವುದು. ತನ್ನ ಚಹಾಕ್ಕೆ ತನ್ನದೇ ಗಾಜಿನ ಲೋಟ ಇಟ್ಟುಕೊಂಡಿದ್ದ, ಅದನ್ನು ಕಿಟಕಿಯ ಹೊರಗೆ ಇಡುತ್ತಿದ್ದ. ಹೊರಗಿಡು ಅಂತ ನಾನು ಯಾವತ್ತೂ ಹೇಳಲಿಲ್ಲ, ಒಳಗಿಡು ಅಂತಲೂ ಹೇಳಲಿಲ್ಲ. ಜಾಣರು ಹೀಗೇ ಬದುಕುವುದು.

ತೊಂಬತ್ತೇಳರಲ್ಲಿ ನಮ್ಮ ಕಚೇರಿಗೆ ಒಂದು ಕಂಪ್ಯೂಟರ್, ಒಂದು ಮೋಡೆಮ್ ಬಂದವು. ರಾಯಚೂರಿನ ದೊಡ್ಡ ಕಚೇರಿಯಲ್ಲಿ ಯುನಿಕ್ಸ್ ಅನ್ನುವ ವ್ಯವಸ್ಥೆ ಹಾಕಿದ ಯಂತ್ರ ಕೂತಿತ್ತು, ನಾವು ಅದಕ್ಕೆ ದೊಡ್ಡ ಮಷಿನ್ ಅನ್ನುತ್ತಿದ್ದೆವು. ನಾವಿಲ್ಲಿ ಫೋನಿನ ತಂತಿಯ ಮೇಲೆ ಅದಕ್ಕೆ ಡಯಲ್ ಮಾಡಬೇಕು, ಹೆಸರು ಮತ್ತು ಗುಪ್ತಪದ ಹೊಡೆದು ಒಳಗೆ ಹೋಗಬೇಕು, ಮಳೆಯ ಲೆಕ್ಕ ತುಂಬಬೇಕು. ಇದನ್ನು ಜೋಡಿಸಲು ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಬಂದ. ಎರಡು ದಿನ ಕಂಪ್ಯೂಟರನ್ನೂ ಮೋಡೆಮನ್ನೂ ಜೋಡಿಸಿ ಬಿಚ್ಚಿ, ಬಿಚ್ಚಿ ಜೋಡಿಸಿ, ಬಿರಿಯಾನಿ ಉಂಡು, "ನಿಮ್ಮೂರಿನ ಲೈನೇ ಸರಿ ಇಲ್ಲ" ಅಂತ ಬರೆದುಕೊಟ್ಟು ಹೋದ. ಅವನು ಬಸ್ಸು ಹತ್ತಿದ ಮೇಲೆ ಉರುಕುಂದಪ್ಪ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ.

"ಸಾಹೇಬ್ರ, ಲೈನ್ ಛಲೋ ಅದ ರೀ. ಈ ತಂತಿ ತಿರುವಿ ಹಾಕ್ಯಾರ."

"ಹಂಗಂದ್ರ ಏನಲೇ?"

"ಇದರಾಗ ಎರಡನೇ ಕಡ್ಡಿ ಆ ಕಡಿ ಮೂರಕ್ಕ ಹೋಗ್ಯದ, ಮೂರನೇದು ಎರಡಕ್ಕ. ಎರಡು ಕಂಪ್ಯೂಟರ್ ಎದುರಾಬದುರಾ ಕುಂದ್ರಿಸಿ ಮಾತಾಡಿಸಬೇಕಂದ್ರ ಹಿಂಗ ಬೇಕ್ರಿ, ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಬರಬೇಕಲ್ಲ. ಆದ್ರ ಮೋಡೆಮ್ ತನ್ನ ಹೊಟ್ಟ್ಯಾಗ ಮೊದಲೇ ತಿರುವಿಕೊಂಡಿರ್ತದ. ಇದಕ್ಕ ನೆಟ್ಟಗಿನ ತಂತಿ ಬೇಕು."

"ನಿನಗ್ಯಾರು ಹೇಳಿದ್ರು?"

"ಪುಸ್ತಕದಾಗ ಚಿತ್ರ ಅದ ರೀ."

ಆ ಇಂಗ್ಲಿಷ್ ಪುಸ್ತಕವನ್ನು ನಾನು ಚಹಾ ಲೋಟದ ಕೆಳಗೆ ಇಟ್ಟಿದ್ದೆ. ಇವನು ಅದನ್ನು ನಿಘಂಟು ಹಿಡಿದು ಓದಿದ್ದ! ಹಳೇ ರೇಡಿಯೋದ ತಂತಿ ಕಿತ್ತು, ಬೆಸುಗೆ ಹಾಕಿ, ಅರ್ಧ ದಿನದಲ್ಲಿ ನೆಟ್ಟಗಿನ ತಂತಿ ಮಾಡಿದ. ಮೋಡೆಮ್ ಕಿರ್ರೆಂದು ಕಿರುಚಿತು, ರಾಯಚೂರು ಓಗೊಟ್ಟಿತು. ಪರದೆಯ ಮೇಲೆ ಹೆಸರು ಕೇಳುವ ಸಾಲು ಮೂಡಿದಾಗ ಅವನ ಕಣ್ಣಲ್ಲಿ ನೀರು. ನಾನು "ಸಾಕು ನಾಟಕ, ಚಹಾ ತಾ" ಅಂದೆ. ಆ ತಿರುವಿದ ತಂತಿಯನ್ನು ಕಸಕ್ಕೆ ಎಸೆದೆ. ಅವನು ಎತ್ತಿ ಮನೆಗೆ ಒಯ್ದ.

ಈಗ ನನ್ನ ಹೆಸರು ಇದರಲ್ಲಿ ಹೇಗೆ ಬಂತು ಕೇಳಿ. ರಾಯಚೂರಿನಿಂದ ಆದೇಶ ಬಂತು: ದೊಡ್ಡ ಮಷಿನ್ನಿಗೆ ಲಾಗಿನ್ ಆಗುವ ಹಕ್ಕು ಖಾಯಂ ನೌಕರರಿಗೆ ಮಾತ್ರ. ದೇವದುರ್ಗದಲ್ಲಿ ಖಾಯಂ ನೌಕರ ಅಂದರೆ ನಾನೊಬ್ಬನೇ. ಅದೇ ಆದೇಶದ ಎರಡನೇ ಸಾಲು ಇನ್ನೂ ರುಚಿಯಾಗಿತ್ತು. ಯಾರ ಹೆಸರಿನಲ್ಲಿ ಮುಂಜಾನೆ ಲಾಗಿನ್ ಆಗಿದೆಯೋ ಅವರು ಅಂದು ಹಾಜರು, ತಿಂಗಳ ಕೊನೆಗೆ ಮಷಿನ್ನೇ ಹಾಜರಿ ಪಟ್ಟಿ ಬರೆದು ತನ್ನಲ್ಲಿಟ್ಟುಕೊಳ್ಳುತ್ತದೆ. ಅದನ್ನು ಎರಡು ಸಲ ಓದಿದೆ, ಮೂರನೇ ಸಲ ಓದುವಾಗ ನಗು ಬಂತು. ನನ್ನ ಹೆಸರಿನ ಲಾಗಿನ್ ಮಾಡಿಸಿದೆ. ಆ ವರ್ಷವೇ ನನ್ನ ಮಗಳು ಸೌಭಾಗ್ಯ ಹುಟ್ಟಿದ್ದಳು, ಅವಳ ಹೆಸರನ್ನೇ ಗುಪ್ತಪದ ಇಟ್ಟೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಉರುಕುಂದಪ್ಪನ ಕೈಗೆ ಕೊಟ್ಟೆ.

"ದಿನಾ ಎಂಟೂವರಿಗೆ ನೀನೇ ಹೊಡಿ. ನನ್ನ ಮರ್ಯಾದಿ ನಿನ್ನ ಕೈಯಾಗ ಅದ."

"ಆಗ್ಲಿ ರೀ ಸಾಹೇಬ್ರ," ಅಂತ ಚೀಟಿಯನ್ನು ಕಣ್ಣಿಗೊತ್ತಿಕೊಂಡ.

ಅಲ್ಲಿಂದ ಹದಿನೇಳು ವರ್ಷ ನಾನು ವಾರಕ್ಕೆ ಎರಡು ದಿನ ದೇವದುರ್ಗಕ್ಕೆ ಹೋದೆ. ಉಳಿದ ದಿನ ಮಾನ್ವಿಯಲ್ಲಿ, ಹೆಂಡತಿ ಹೆಸರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತೆ. ದೇವದುರ್ಗದಲ್ಲಿ ಉರುಕುಂದಪ್ಪ ನಾನಾಗಿದ್ದ. ನನ್ನ ಹೆಸರು ಹೊಡೆಯುತ್ತಿದ್ದ, ನನ್ನ ಮಗಳ ಹೆಸರು ಹೊಡೆಯುತ್ತಿದ್ದ, ಮಳೆ ತುಂಬುತ್ತಿದ್ದ. ಕುರ್ಚಿ ಮೇಲೆ ಮಾತ್ರ ಕೂರುತ್ತಿರಲಿಲ್ಲ. ಮೋಡೆಮ್ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಮರಳು ತುಂಬಿ ಅದರ ಮೇಲೆ ಕೂರುತ್ತಿದ್ದ.

ಮೋಡೆಮಿನ ಕಿರುಚಾಟ ನಮಗೆಲ್ಲ ಬೆಕ್ಕಿನ ಬಾಲ ತುಳಿದ ಹಾಗೆ ಕೇಳುತ್ತಿತ್ತು, ಅವನಿಗೆ ಅದರಲ್ಲಿ ಮಾತು ಕೇಳುತ್ತಿತ್ತು. "ಇವತ್ತು ಕಡಿಮಿ ವೇಗಕ್ಕ ಒಪ್ಪಿಕೊಂಡ್ರು ಇಬ್ರೂ" ಅನ್ನುತ್ತಿದ್ದ. ಒಂದು ಸಲ ನಡುವೆ ಚರಚರ ಸದ್ದು ಬಂದದ್ದಕ್ಕೆ, "ಗಬ್ಬೂರಿನ ಹತ್ರ ಜಾಯಿಂಟ್ ಒದ್ದಿ ಆಗ್ಯದ" ಅಂದ. ಫೋನಿನ ಲೈನ್‌ಮನ್ ಹೋಗಿ ನೋಡಿದರೆ ಗಬ್ಬೂರಿನ ಹತ್ತಿರವೇ ಕಂಬದಲ್ಲಿ ನೀರು ಇಳಿದಿತ್ತು. ಮಾನ್ವಿ, ಸಿಂಧನೂರು, ಲಿಂಗಸೂಗೂರಿನ ಕಚೇರಿಗಳಲ್ಲಿ ತಂತಿ ಕೆಟ್ಟರೂ ಇವನನ್ನೇ ಕರೆಸುತ್ತಿದ್ದರು. ಹೋಗಿ ಸರಿ ಮಾಡಿ ಬರುತ್ತಿದ್ದ, ಶಹಬ್ಬಾಸ್ ಪತ್ರ ನನ್ನ ಹೆಸರಿಗೆ ಬರುತ್ತಿತ್ತು. ನನ್ನ ಬಳಿ ಅಂಥವು ಆರು ಇವೆ, ಒಂದಕ್ಕೆ ಚೌಕಟ್ಟು ಹಾಕಿಸಿದ್ದೇನೆ.

ಇನ್ನೊಂದು ಹೊಲಸು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ದಿನಗೂಲಿಯವನು ಒಂದೇ ಹೆಸರಿನಲ್ಲಿ ಬಹಳ ದಿನ ದುಡಿದರೆ ಮುಂದೆ ಖಾಯಂ ಮಾಡಿ ಅಂತ ಹಕ್ಕು ಕೇಳುತ್ತಾನೆ. ಅದಕ್ಕೆ ಮೇಲಿನವರು ಬಾಯಿಮಾತಿನಲ್ಲಿ ಒಂದು ಉಪಾಯ ಕಲಿಸಿದ್ದರು. ಕೂಲಿ ವೋಚರಿನಲ್ಲಿ ಮೂರು ತಿಂಗಳು ಉರುಕುಂದಪ್ಪನ ಹೆಸರು ಬರೆಯುವುದು, ಮುಂದಿನ ಮೂರು ತಿಂಗಳು ಅವನ ಹೆಂಡತಿ ಮೂಕಮ್ಮನ ಹೆಸರು, ಮತ್ತೆ ಮೂರು ತಿಂಗಳು ಅವನ ಅಪ್ಪ ಮುದುಕಪ್ಪನ ಹೆಸರು. ಬರೆಯುವ ಪೆನ್ನು ನನ್ನದು. ಮುದುಕಪ್ಪ ಸತ್ತು ಮಣ್ಣಾದ ಮೇಲೂ ಆರು ವರ್ಷ ನಮ್ಮ ಕಚೇರಿಯಲ್ಲಿ ಕಸ ಹೊಡೆದ. ಪ್ರತಿ ಸಲ ಉರುಕುಂದಪ್ಪ ಅಪ್ಪನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸುತ್ತಿದ್ದ. ನಾನು "ನಿಮ್ಮಪ್ಪ ಸ್ವರ್ಗದಾಗೂ ಡ್ಯೂಟಿ ಮ್ಯಾಲ ಅದಾನ ನೋಡಲೇ" ಅಂತ ನಗುತ್ತಿದ್ದೆ. ಅವನೂ ನಗುತ್ತಿದ್ದ, ಬೇರೆ ಏನು ಮಾಡಬೇಕಿತ್ತು?

ಎರಡು ಸಾವಿರದ ಹದಿನಾಲ್ಕಕ್ಕೆ ಎಲ್ಲಾ ಇಂಟರ್ನೆಟ್ಟಿಗೆ ಹೋಯಿತು, ಮಳೆ ಡಬ್ಬಿಯೂ ತಾನೇ ಲೆಕ್ಕ ಕಳಿಸುವಂಥದ್ದು ಬಂತು. ನನಗೆ ರಾಯಚೂರಿಗೆ ವರ್ಗವಾಯಿತು. ದೊಡ್ಡ ಮಷಿನ್ ಅಲ್ಲಿನ ಉಗ್ರಾಣ ಸೇರಿತು. ಉರುಕುಂದಪ್ಪನ ಕೈಯಲ್ಲಿ ಕಸಬರಿಗೆ ಮಾತ್ರ ಉಳಿಯಿತು. ಗುಜರಿಗೆ ಹೊರಟಿದ್ದ ಒಂದು ಹಳೇ ಕಂಪ್ಯೂಟರನ್ನು ಯಾರ ಕೈಕಾಲೋ ಹಿಡಿದು ಮನೆಗೆ ತಂದು, ಬುದ್ಧನ ಫೋಟೋದ ಕೆಳಗೆ ಇಟ್ಟುಕೊಂಡಿದ್ದ. ವಾರಕ್ಕೊಮ್ಮೆ ಶುರು ಮಾಡಿ, ಧೂಳು ಒರೆಸಿ, ಮತ್ತೆ ಬಟ್ಟೆ ಮುಚ್ಚುತ್ತಿದ್ದನಂತೆ. ಮೂಕಮ್ಮ "ನನಗಿಂತ ಅದರ ಮೈ ಹೆಚ್ಚು ತಿಕ್ತಾನ್ರಿ" ಅಂತ ಬೈಯುತ್ತಿದ್ದಳು.

ಹೋದ ವರ್ಷ, ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ, ಮೇಲಿನಿಂದ ಆದೇಶ ಬಂತು. ಹತ್ತು ವರ್ಷ ಎಡೆಬಿಡದೆ ದುಡಿದದ್ದಕ್ಕೆ ಸರ್ಕಾರಿ ದಾಖಲೆ ತೋರಿಸಿದ ದಿನಗೂಲಿಯವರನ್ನು ಖಾಯಂ ಮಾಡಬೇಕು. ಇದೊಂದೇ ಸಲ, ಮತ್ತೆ ಅವಕಾಶವಿಲ್ಲ. ಉರುಕುಂದಪ್ಪನಿಗೆ ಐವತ್ತೆರಡು. ಸರ್ಕಾರಿ ನೌಕರ ಅನ್ನಿಸಿಕೊಂಡು ಸಾಯಬೇಕು ಅನ್ನುವುದೊಂದೇ ಅವನ ಆಸೆ. ವೋಚರ್ ನೋಡಿದರೆ ಮೂರು ತಿಂಗಳಿಗೊಬ್ಬ. ಎಡೆಬಿಡದೆ ಇದ್ದದ್ದು ಒಂದೇ ಕಡೆ, ದೊಡ್ಡ ಮಷಿನ್ನಿನ ಹಾಜರಿ ಪಟ್ಟಿಯಲ್ಲಿ. ಅಲ್ಲಿದ್ದದ್ದು ನನ್ನ ಹೆಸರು.

ಮಾನ್ವಿಯ ನನ್ನ ಮನೆಗೆ ಬಂದ. ಕೂರು ಅಂದರೂ ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತ.

"ಸಾಹೇಬ್ರ, ಹೆಸರು ನಿಮ್ದೇ ಇರ್ಲಿ ರೀ. ಕುಂತಾಂವ ಉರುಕುಂದಪ್ಪ ಅಂತ ನೀವು ಒಂದ್ ಮಾತು ಹೇಳಿದ್ರ ಸಾಕು. ವಿಚಾರಣಿಗೆ ಬರೋ ಮೇಡಂ ಕೇಳ್ತಾರಂತ."

"ಹೇಳ್ತೀನಿ ಬಿಡಲೇ. ನಾನೇನ್ ಸತ್ತೀನೇನು?"

"ಬಿಡ್ತು ಅನ್ರಿ. ನೀವು ನೂರು ವರ್ಷ ಇರ್ರಿ."

ಹೇಳಿದಾಗ ಮನಸ್ಸಿನಿಂದಲೇ ಹೇಳಿದ್ದೆ, ಆಣೆ ಮಾಡಿ ಹೇಳುತ್ತೇನೆ. ಅವನು ಹೋದ ಮೇಲೆ ಹೆಂಡತಿ ಕೇಳಿದಳು: "ಅಂವ ಕುಂತಿದ್ದ ಅಂದ್ರ, ಆವಾಗ ನೀವೆಲ್ಲಿದ್ರಿ ಅಂತ ಕೇಳಂಗಿಲ್ಲೇನು?" ನನಗೆ ಊಟ ಸೇರಲಿಲ್ಲ. ಕೂತವನು ಅವನಾದರೆ ಹದಿನೇಳು ವರ್ಷ ನನ್ನ ಹಾಜರಿ ಸುಳ್ಳು. ನಿವೃತ್ತಿಯ ಹೂವಿನ ಹಾರದ ಬದಲು ವಿಚಾರಣೆ ಕೊರಳಿಗೆ ಬೀಳುತ್ತದೆ. ಆಗ ನನಗೆ ಉಳಿದದ್ದು ಒಂದೇ ಹರಕೆ, ಆ ಮಷಿನ್ ಸತ್ತಿರಲಿ. ದಾಖಲೆಯೇ ಇಲ್ಲದಿದ್ದರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ವಿಚಾರಣೆಗೆ ಬಂದವರು ಶಶಿಕಲಾ ಮೇಡಂ. ಕಟ್ಟುನಿಟ್ಟಿನ ಹೆಂಗಸು. ಉಗ್ರಾಣದ ಗುಜರಿ ಹರಾಜಿಗೆ ಎಂಟು ದಿನ ಬಾಕಿ ಇದೆ, ಅಷ್ಟರಲ್ಲಿ ಮಷಿನ್ನಿನಿಂದ ಪಟ್ಟಿ ತೆಗೆದು ತೋರಿಸು ಅಂತ ಉರುಕುಂದಪ್ಪನಿಗೆ ಹೇಳಿದರು. ದೊಡ್ಡ ಮಷಿನ್ನಿನ ಪರದೆ ಸುಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಕಚೇರಿಯ ಹೊಸ ಲ್ಯಾಪ್‌ಟಾಪುಗಳಿಗೆ ತಂತಿ ಚುಚ್ಚುವ ಆ ಹಳೇ ಒಂಬತ್ತು ಕಡ್ಡಿಯ ಕಿಂಡಿಯೇ ಇಲ್ಲ. ಉರುಕುಂದಪ್ಪ ತನ್ನ ಮನೆಯ ಕಂಪ್ಯೂಟರನ್ನು ಮೂಕಮ್ಮನ ಸೀರೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ಲಗೇಜು ಚೀಟಿ ಹರಿಸಿ, ಎದೆಗವಚಿಕೊಂಡು ರಾಯಚೂರಿಗೆ ತಂದ. ಜೊತೆಗೆ ಇಪ್ಪತ್ತೇಳು ವರ್ಷದ ಹಿಂದೆ ನಾನು ಕಸಕ್ಕೆ ಎಸೆದಿದ್ದ ಆ ತಿರುವಿದ ತಂತಿ. "ಎದುರಾಬದುರಾ ಕುಂದ್ರಿಸಾಕ ಇದು ಬೇಕು ಅಂದಿದ್ನಲ್ರಿ ಸಾಹೇಬ್ರ" ಅಂತ ನನಗೆ ತೋರಿಸಿ ನಕ್ಕ.

ಮೊದಲ ದಿನ ಪರದೆ ಕಪ್ಪಗೇ ಕೂತಿತು. "ಸತ್ತದ ಬಿಡಲೇ, ಹೆಣಕ್ಕ ಎಣ್ಣಿ ತಿಕ್ಕಬ್ಯಾಡ" ಅಂದೆ. ಅವನು ಮೂಕಮ್ಮನ ತಲೆಯ ಹೇರ್‌ಪಿನ್ ಜೇಬಿನಿಂದ ತೆಗೆದು, ದೊಡ್ಡ ಮಷಿನ್ನಿನ ಕಡೆಯ ತುದಿ ಬಿಚ್ಚಿ, ಎರಡು ಮೂರನೇ ಕಡ್ಡಿಗಳಿಗೆ ಸೇರಿಸಿ ಚುಚ್ಚಿದ. ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಅಕ್ಷರ ಒತ್ತಿದ. ಒತ್ತಿದ ಅಕ್ಷರ ಪರದೆ ಮೇಲೆ ಬಂತು.

"ನಾನಂದದ್ದು ನನಗ ವಾಪಸ್ ಕೇಳಾಕತ್ತದ ರೀ. ಅಂದ್ರ ನನ್ನ ಕಂಪ್ಯೂಟರ್ ಛಲೋ ಅದ, ತಂತೀನೂ ಛಲೋ ಅದ. ರೋಗ ಆ ಕಡಿ ಅದ."

ಆ ಕಡೆಯ ರೋಗ ಎರಡನೇ ದಿನ ಸಿಕ್ಕಿತು. ಉಗ್ರಾಣದ ಜವಾನ ಬೂದೆಪ್ಪ ಪ್ರತಿ ವರ್ಷ ಆಯುಧ ಪೂಜೆಗೆ ಮಷಿನ್ನಿನ ಬೆನ್ನಿಗೆ ಕುಂಕುಮ ಹಚ್ಚುತ್ತಿದ್ದ. ಮುಂದೆ ಹಚ್ಚಿದರೆ ಸಾಹೇಬರು ಬೈಯುತ್ತಾರೆಂದು ಹಿಂದೆ, ಸರಿಯಾಗಿ ಆ ಕಿಂಡಿಗಳ ಮೇಲೆ. ಜೊತೆಗೆ ತೆಂಗಿನಕಾಯಿ ನೀರು. ಹತ್ತು ವರ್ಷದ ಭಕ್ತಿ ಕಿಂಡಿಯೊಳಗೆ ಗಟ್ಟಿಯಾಗಿ ಕೂತಿತ್ತು.

"ಎಲ್ಲಾ ಬಿಟ್ಟು ಇದರ ಬಾಯಾಗ ಯಾಕ್ ಹಚ್ಚಿದ್ಯೋ ಮಾರಾಯಾ?" ಅಂತ ಉರುಕುಂದಪ್ಪ ಕೇಳಿದ.

"ದೇವರಿಗೆ ಬಾಯಿ ಯಾವ್ದು, ಹಣಿ ಯಾವ್ದು, ನನಗೇನ್ ಗೊತ್ತಪಾ!" ಅಂದ ಬೂದೆಪ್ಪ.

ಉರುಕುಂದಪ್ಪ ಸ್ಪಿರಿಟ್ಟಿನಲ್ಲಿ ಹಲ್ಲುಜ್ಜುವ ಬ್ರಶ್ ಅದ್ದಿ, ಮಂಡಿಯೂರಿ ಕೂತು ಇಡೀ ದಿನ ತಿಕ್ಕಿದ. ಬ್ರಶ್ಶು ಕೆಂಪಾಯಿತು, ಅವನ ಬೆರಳೂ ಕೆಂಪಾದವು. ಸಂಜೆ ತಂತಿ ಜೋಡಿಸಿದರೆ ಮತ್ತೆ ಕಪ್ಪು. ಅವನಿಗೆ ಅದೂ ಹೊಳೆಯಿತು. ಅದು ಮೋಡೆಮಿನ ಕಿಂಡಿ, ಆ ಕಡೆ ಯಾರೋ ಫೋನ್ ಎತ್ತಿದ್ದಾರೆ ಅನ್ನುವ ಸಂಕೇತ ಸಿಗುವ ತನಕ ಯುನಿಕ್ಸ್ ಬಾಯಿ ಬಿಡುವುದಿಲ್ಲ. ಇನ್ನೊಂದು ತುಂಡು ತಂತಿ ಬೆಸೆದು ಆ ಸಂಕೇತವನ್ನು ತಾನೇ ಕೊಟ್ಟ. ಮೂರನೇ ದಿನ ಮುಂಜಾನೆ ಪರದೆ ತುಂಬ ಕಸ ಬಂತು, ಯಾವ ಭಾಷೆಯೂ ಅಲ್ಲದ ಅಕ್ಷರಗಳು. ನಾನು ಖುಷಿಯಿಂದ "ಹುಚ್ಚು ಹಿಡಿದದ ಅದಕ್ಕ" ಅಂದೆ. "ಇಲ್ರಿ ಸಾಹೇಬ್ರ, ಅದು ಸಾವಕಾಶ ಮಾತಾಡಾಕತ್ತದ, ನಾನು ಜೋರಾಗಿ ಕೇಳಾಕತ್ತೀನಿ" ಅಂದು ತನ್ನ ಕಂಪ್ಯೂಟರಿನ ವೇಗ ಇಳಿಸುತ್ತ ಬಂದ. ನಾಲ್ಕನೇ ಸಲಕ್ಕೆ ಕಸ ನಿಂತು, ಪರದೆ ಮೇಲೆ ಹೆಸರು ಕೇಳುವ ಅದೇ ಹಳೇ ಸಾಲು ಮೂಡಿತು. ಹರಕೆ ಹೊತ್ತ ದೇವರು ನನಗೆ ಬೆನ್ನು ತೋರಿಸಿದ.

ಅವನು ಅಲ್ಲಿಗೇ ಕೈ ತೆಗೆದ. "ಮುಂದಿಂದು ಮೇಡಂ ಎದುರೇ ಆಗ್ಲಿ ರೀ. ಇಲ್ಲಾಂದ್ರ ಏನೋ ಮಾಡ್ಯಾನ ಅಂತಾರ."

ಶಶಿಕಲಾ ಮೇಡಂ ಉಗ್ರಾಣಕ್ಕೇ ಕುರ್ಚಿ ಹಾಕಿಸಿಕೊಂಡು ಕೂತರು. ಬೂದೆಪ್ಪ ಬಾಗಿಲಲ್ಲಿ. ಉರುಕುಂದಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು, ಕೈಕಟ್ಟಿ ನಿಂತಿದ್ದ. ನನ್ನ ಮುಖ ನೋಡಿ ಸಣ್ಣಗೆ ನಕ್ಕ, ಮದುವೆ ಮನೆಯಲ್ಲಿ ಬೀಗರನ್ನು ನೋಡಿ ನಗುವ ಹಾಗೆ.

"ಲಾಗಿನ್ ಯಾರ ಹೆಸರ್ಲೆ ಅದ?" ಮೇಡಂ ಕೇಳಿದರು.

"ಹನುಮಂತರಾಯ ಸಾಹೇಬ್ರ ಹೆಸರ್ಲೆ ರೀ. ದಿನಾ ಕುಂದ್ರುತ್ತಿದ್ದಾಂವ ನಾನು. ಸಾಹೇಬ್ರನ್ನ ಕೇಳ್ರಿ."

ಮೇಡಂ ನನ್ನ ಕಡೆ ತಿರುಗಿದರು. "ಏನ್ರಿ, ಯಾರು ಕುಂದ್ರುತ್ತಿದ್ರು?"

ಬಾಯಿ ತೆರೆಯುವ ತನಕ ನನಗೇ ಗೊತ್ತಿರಲಿಲ್ಲ ಅಂದರೆ ನೀವು ನಂಬಬೇಡಿ. ಗೊತ್ತಿತ್ತು. ಮೂರು ದಿನದಿಂದ ಗೊತ್ತಿತ್ತು.

"ನಾನೇ ರೀ ಮೇಡಂ."

ಉರುಕುಂದಪ್ಪನ ನಗು ಮುಖದ ಮೇಲೆ ಹಾಗೇ ಉಳಿದಿತ್ತು. ತಾನು ಸರಿಯಾಗಿ ಕೇಳಿಸಿಕೊಂಡಿಲ್ಲ ಅಂದುಕೊಂಡಿರಬೇಕು.

"ಇಬ್ರೂ ನಾನು ನಾನು ಅಂದ್ರ ಹೆಂಗ?" ಅಂದರು ಮೇಡಂ. "ನಾನು ಮುಖ ನೋಡಂಗಿಲ್ಲ, ದಾಖಲಿ ನೋಡ್ತೀನಿ. ಹನುಮಂತರಾಯರ, ನೀವು ದಿನಾ ಕುಂತಿದ್ರ ಗುಪ್ತಪದ ಗೊತ್ತಿರಬೇಕಲ್ಲ. ಹೊಡೀರಿ."

ಗುಪ್ತಪದವನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಅಂತ ಸುತ್ತೋಲೆ ಬರುತ್ತಿತ್ತು. ಅದನ್ನು ನಾನು ಓದದೆ ಉರುಕುಂದಪ್ಪನ ಕಡೆ ಎಸೆಯುತ್ತಿದ್ದೆ. ಹದಿನೇಳು ವರ್ಷದಲ್ಲಿ ಅರವತ್ತೆಂಟು ಸಲ ಬದಲಾಗಿರಬೇಕು, ನನಗೇನು ಗೊತ್ತು? ಅವನೇನಾದರೂ ಬದಲಿಸಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಸಿಕ್ಕಿಬಿದ್ದರೆ ಸಾಕಪ್ಪಾ ಅಂತಲೂ ಒಂದು ಗಳಿಗೆ ಅನ್ನಿಸಿತು. ಬೇರೇನೂ ನೆನಪಿಲ್ಲದ್ದಕ್ಕೆ, ಒಂದೊಂದೇ ಅಕ್ಷರ ಹುಡುಕಿ, ಮಗಳ ಹೆಸರು ಹೊಡೆದೆ. ಸೌಭಾಗ್ಯ.

ಮಷಿನ್ ಬಾಗಿಲು ತೆರೆಯಿತು!

ಹದಿನೇಳು ವರ್ಷದಲ್ಲಿ ಅವನು ಅದನ್ನು ಒಂದು ಸಲವೂ ಬದಲಿಸಿರಲಿಲ್ಲ. ಉರುಕುಂದಪ್ಪ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, "ಮಗಳ ಹೆಸರು ಅಳಸಾಕ ಮನಸ್ ಬರಲಿಲ್ಲ" ಅಂದ.

"ನಿನಗೂ ಗೊತ್ತಿತ್ತೇನು ಗುಪ್ತಪದ?" ಮೇಡಂ ಕೇಳಿದರು.

"ಹೌದ್ರಿ ಯವ್ವಾ."

"ಒಂದೆರಡು ಸಲ ಅವನ ಕಡಿಂದ ಹೊಡಿಸಿದ್ದೆ ರೀ ಮೇಡಂ," ಅಂದೆ ನಾನು. ಸುಳ್ಳಿಗೆ ಒಂದು ಸಲ ಕಾಲು ಬಂದರೆ ಓಡುತ್ತಲೇ ಹೋಗುತ್ತದೆ.

ಆಗ ಅವನು ಮೇಡಂ ಅಪ್ಪಣೆ ಕೇಳಿ ಕೀಲಿಮಣೆಗೆ ಕೈ ಹಾಕಿದ. ತಿಂಗಳ ಪಟ್ಟಿಗಳು ಒಂದೊಂದಾಗಿ ಓಡಿದವು. ಎಲ್ಲೆಲ್ಲೂ ನನ್ನ ಹೆಸರು, ದೇವದುರ್ಗ, ಎಂಟು ನಲವತ್ತು, ಎಂಟು ಮೂವತ್ತೆಂಟು, ಎಂಟು ನಲವತ್ತು. ಎರಡು ಸಾವಿರದ ಐದರ ಆಗಸ್ಟಿನಲ್ಲಿ ನಿಲ್ಲಿಸಿ, ಒಂದು ಸಾಲಿನ ಮೇಲೆ ಕುಂಕುಮದ ಕಲೆಯ ಬೆರಳಿಟ್ಟ.

"ಯವ್ವಾ, ಇದು ಸಾಹೇಬ್ರ ತಾಯಿ ತೀರಿಕೊಂಡ ದಿನ ರೀ. ತಿಮ್ಮವ್ವ ಅಂತ. ನಸಿಕಿನ್ಯಾಗ ಜೀವ ಹೋತು, ಸಾಹೇಬ್ರು ಕುರ್ಡ್ಯಾಗ ಹೆಣದ ಮುಂದ ಕುಂತಿದ್ರು. ನಾನು ದೇವದುರ್ಗದಾಗ ಮಳಿ ಲೆಕ್ಕ ಕಳಿಸಿ, ಮಧ್ಯಾಹ್ನದ ಬಸ್ಸಿಗೆ ಮಣ್ಣಿಗೆ ಹೋಗಿದ್ನಿ. ಇದೊಂದು ದಿನ ಕೇಳ್ರಿ. ತಾಯಿ ಮಾತಿಗೆ ಅವ್ರು ಸುಳ್ಳು ಹೇಳಂಗಿಲ್ಲ."

ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಮ್ಮವ್ವನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು, ನಾನು ಅವಳ ಕೈ ಹಿಡಿದು ಮಧ್ಯಾಹ್ನದ ತನಕ ಅತ್ತಿದ್ದೆ. ಮಣ್ಣು ಹಾಕುವಾಗ ಜನರ ಹಿಂದೆ, ದೂರದಲ್ಲಿ, ಉರುಕುಂದಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದು ಇವತ್ತಿಗೂ ಕಣ್ಣ ಮುಂದಿದೆ.

"ಮುಂಜಾನಿ ಡ್ಯೂಟಿ ಮುಗಿಸಿ, ಆಮ್ಯಾಲ ಹೋದ್ನಿರಿ ಮೇಡಂ," ಅಂದೆ. "ಕೆಲಸ ಮೊದಲು ಅಂತ ನಮ್ಮವ್ವನೇ ಕಲಿಸಿದ್ಲು."

ಬಾಗಿಲಲ್ಲಿದ್ದ ಬೂದೆಪ್ಪ ಕೂಡ ತಲೆ ತಗ್ಗಿಸಿದ. ಮೇಡಂ ಪೆನ್ನು ಎತ್ತಿ ಬರೆದುಕೊಂಡರು. ಉರುಕುಂದಪ್ಪ ತಂತಿಯ ತುದಿಗಳನ್ನು ತಿರುಗಿಸಿ ಬಿಚ್ಚಿ, ಸುರುಳಿ ಸುತ್ತಿ, ಜೇಬಿಗಿಟ್ಟುಕೊಂಡ. ಅವನು ನನ್ನನ್ನು ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲವೋ ಏನೋ.

ಆದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಅವನು ತನ್ನ ಕಂಪ್ಯೂಟರನ್ನು ಸೀರೆಯಲ್ಲಿ ಕಟ್ಟಿ ಹೊರಟಾಗ ಗೇಟಿನಲ್ಲಿ ತಡೆದರು. ಒಳಗೆ ತಂದಾಗ ಗೇಟ್ ಪುಸ್ತಕದಲ್ಲಿ ಬರೆಸಿಲ್ಲ, ಬರೆಸದ ಸಾಮಾನು ಸರ್ಕಾರದ್ದು, ಹೊರಗೆ ಬಿಡಲು ಬರುವುದಿಲ್ಲ ಅಂದರು. ಇದು ಅವನದೇ ಅಂತ ಖಾಯಂ ನೌಕರರು ಯಾರಾದರೂ ಸಹಿ ಮಾಡಿದರೆ ಬಿಡುತ್ತಿದ್ದರು. ನಾನು ಮೇಲಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಇಳಿದು ಹೋಗಿ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನು ಗಂಟು ಬಿಚ್ಚಿ ಸೀರೆ ಮಾತ್ರ ಮಡಚಿಕೊಂಡು ಹೋದ. ಐದು ದಿನದ ನಂತರ ಅವನ ಕಂಪ್ಯೂಟರೂ ದೊಡ್ಡ ಮಷಿನ್ನೂ ಒಂದೇ ಲಾರಿಯಲ್ಲಿ ಗುಜರಿಗೆ ಹೋದವು.

ವಿಚಾರಣೆಯ ವರದಿಯನ್ನು ಚೊಕ್ಕ ಪ್ರತಿ ಮಾಡಲು ನನಗೇ ಕೊಟ್ಟರು, ಕಚೇರಿಯಲ್ಲಿ ಅಕ್ಷರ ತಪ್ಪಿಲ್ಲದೆ ಬರೆಯುವವನು ನಾನೊಬ್ಬನೇ. "ಉರುಕುಂದಪ್ಪ ಎಂಬುವರು ಎಡೆಬಿಡದೆ ಕೆಲಸ ನಿರ್ವಹಿಸಿರುವುದಕ್ಕೆ ಯಾವುದೇ ದಾಖಲೆ ಲಭ್ಯವಿರುವುದಿಲ್ಲ." ಒಂದು ಅಕ್ಷರವೂ ತಪ್ಪಲಿಲ್ಲ.

ನಿವೃತ್ತಿಯ ವಾರ, ಬಾಕಿ ಏನೂ ಇಲ್ಲ ಅನ್ನುವ ಪ್ರಮಾಣಪತ್ರ ತರಲು ದೇವದುರ್ಗದ ಕಚೇರಿಗೆ ಹೋಗಬೇಕಾಯಿತು. ಉರುಕುಂದಪ್ಪ ಇರಲಿಲ್ಲ. ಅಂದಿನಿಂದ ಅವನು ಕಚೇರಿಯ ಮೆಟ್ಟಿಲು ಹತ್ತಿಲ್ಲವಂತೆ, ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲವಂತೆ. ಅವನ ಬದಲು ಮೂಕಮ್ಮ ಅಂಗಳ ಗುಡಿಸುತ್ತಿದ್ದಳು. ಕಿಟಕಿಯ ಹೊರಗೆ ಆ ಗಾಜಿನ ಲೋಟ ಹಾಗೇ ಇತ್ತು.

ನಾನು ಕಾಗದ ತೆಗೆದುಕೊಂಡು ಹೊರಗೆ ಬಂದಾಗ ಅವಳು ಕಸಬರಿಗೆ ಗೋಡೆಗೆ ನಿಲ್ಲಿಸಿ, ಸೆರಗು ಸರಿ ಮಾಡಿಕೊಂಡು ಎದುರಿಗೆ ಬಂದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಬೈಯಲಿಲ್ಲ.

"ಸಾಹೇಬ್ರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕೂಲಿ ಕಾಗದದಾಗ ನನ್ನ ಹೆಸರು ಅದ. ಸತ್ತ ನಮ್ಮ ಮಾವನ ಹೆಸರು ಅದ. ಆ ಮಷಿನ್‌ನ್ಯಾಗ ನಿಮ್ಮ ಹೆಸರು ಅದ, ನಿಮ್ಮ ಮಗಳ ಹೆಸರೂ ಅದ. ಇಷ್ಟು ವರ್ಷ ಒಬ್ಬಾಂವ ದಿನಾ ಮುಂಜಾನೆದ್ದು ಬುತ್ತಿ ಕಟಗೊಂಡು ಇಲ್ಲಿಗೆ ಬರ್ತಿದ್ನಲ್ರಿ, ಅಂವ ಯಾರ್ರಿ?"

ನಾನು ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿದೆ, ಜೇಬಿಗಿಟ್ಟೆ, ಮತ್ತೆ ತೆಗೆದೆ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು. ರಸ್ತೆಯಲ್ಲಿ ಸಿರವಾರದ ಬಸ್ಸು ಬಂತು, ನಾನು ಕೈ ಮಾಡಿ ಹತ್ತಿಬಿಟ್ಟೆ.